ಜನಪ್ರಿಯ ಹಾಲಿವುಡ್ ಚಿತ್ರಗಳೂ ರಸಾಸ್ವಾದವೂ

‘ಜನಪ್ರಿಯ’ ಎಂಬ ಮಾತು ವಿಮರ್ಶಕರ ಲೇಖನಿಯಿಂದ ಬಂದಾಗ ಅದು ಪ್ರಶಂಸೆಯೋ ನಿಂದೆಯೋ ಎಂದು ನಿರ್ಣಯಿಸುವುದು ಸುಲಭವಲ್ಲ. ಬಹು ಜನ ಮೆಚ್ಚಿದ್ದು ಬಹಳ ಮೇಲ್ಮಟ್ಟದ್ದಾಗಿರಲಾರದೆಂಬ ಶಂಕೆ ಪಂಡಿತವರ್ಗದಲ್ಲಿ ಹಿಂದಿನಿಂದಲೂ ಇದೆ. ಹಾಲಿವುಡ್ಡಿನ ಚಲಚ್ಚಿತ್ರಗಳ ವಿಷಯದಲ್ಲಂತೂ ಆ ಶಂಕೆ ಇನ್ನೂ ಬಲವಾದದ್ದು. ವಿದ್ಯಾವಂತರ ಮನೆಗಳಲ್ಲಿ ಅವುಗಳನ್ನು ನೋಡದವರು ವಿರಳ. ನೋಡಿ ಸಂತೋಷಪಟ್ಟೆವೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳುವವರೂ ಅಷ್ಟೇ ವಿರಳ. ಎರಡು ಗಂಟೆಗಳ ಕಾಲ ಅಲುಗಾಡದೆ ಕುಳಿತಿದ್ದವರು ಎದ್ದೊಡನೆ ‘ಏನೋ, ಹೊತ್ತು ಕಳೆಯಲು ನೋಡಿದೆವು’ ಎಂದುಬಿಡುತ್ತಾರೆ. ಈ ಮಾತಿನಲ್ಲಿ ವಿನಯವಿದ್ದರೂ ಸತ್ಯವಿಲ್ಲ. ಆದ ಸಂತೋಷ ನಿಜವಾದರೆ ಅದಕ್ಕೊಂದು ಕಾರಣವಿರಲೇಬೇಕು. ಆ ಕಾರಣವನ್ನು ಹುಡುಕಿ ಅದಕ್ಕೆ ಬೆಲೆ ಕಟ್ಟುವುದು ವಿಮರ್ಶೆಯ ಕರ್ತವ್ಯವೆಂದು ನನ್ನ ಭಾವನೆ.

ಸಾಮಾನ್ಯವಾಗಿ ಹೇಳುವ ಉತ್ತರವೊಂದುಂಟು: ಆ ಜನರ ಬಳಿ ಹಣವಿದೆ, ಯಂತ್ರಗಳಿವೆ, ಸುಂದರರಾದ ನಟನಟಿಯರಿದ್ದಾರೆ; ಆದುದರಿಂದ ಅವರ ಚಿತ್ರಗಳು ಚೆನ್ನಾಗಿರುತ್ತವೆ. ಈ ಉತ್ತರ ನಿಲ್ಲತಕ್ಕದ್ದಲ್ಲ. 1980ರಲ್ಲಿ ತೆರೆಕಂಡ ‘ಹೆವನ್ಸ್ ಗೇಟ್’ ಚಿತ್ರಕ್ಕೆ ನಾಲ್ಕು ಕೋಟಿ ಡಾಲರುಗಳಿಗೂ ಮಿಕ್ಕು ವೆಚ್ಚವಾಯಿತು. ಜನ ಅದರ ಕಡೆ ತಿರುಗಿ ನೋಡಲಿಲ್ಲ. ಫ್ರಾಂಕ್ ಕಾಪ್ರಾ ಎಂಬ ದಿಗ್ದರ್ಶಕನ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಚಿತ್ರದಲ್ಲಿ ಇರುವುದೇನು? ಒಂದು ಬಾಡಿಗೆ ಬಸ್ಸು, ದಾರಿಬದಿಯ ತಂಗುಕೊಠಡಿಗಳು, ಜಗಳವಾಡುವ ಒಬ್ಬ ಪತ್ರಿಕಾ ಬರಹಗಾರ, ಮನೆ ಬಿಟ್ಟು ಓಡಿಬಂದ ಒಬ್ಬ ಸಿರಿವಂತರ ಮಗಳು, ಇಬ್ಬರ ನಡುವೆ ಹಗ್ಗದ ಮೇಲೆ ತೂಗುಹಾಕಿದ ಒಂದು ಕಂಬಳಿ. ಆ ಕಂಬಳಿಯೇ ಅವರ ಮರ್ಯಾದೆಯ ಗೋಡೆ. ಅದು ಯಾವಾಗ ಬೀಳುವುದೆಂಬುದೇ ಕಥೆಯ ಕುತೂಹಲ. ಆ ವರ್ಷದ ಐದು ಮುಖ್ಯ ಆಸ್ಕರ್ ಪಾರಿತೋಷಕಗಳೂ ಈ ಚಿತ್ರಕ್ಕೇ ಸಂದವು. ಹಣ ಜನರನ್ನು ಬಾಗಿಲವರೆಗೆ ಕರೆತರಬಲ್ಲುದು. ಒಳಗೆ ಕೂರಿಸುವ ಶಕ್ತಿ ಬೇರೆಯದು.

ಆ ಶಕ್ತಿಯ ಮೊದಲನೆಯ ಅಂಶವನ್ನು ನಮ್ಮ ಆಲಂಕಾರಿಕರ ಮಾತಿನಲ್ಲಿಯೇ ಹೇಳಬಹುದು. ರಸಾನುಭವಕ್ಕೆ ಏಳು ವಿಘ್ನಗಳುಂಟೆಂದು ಅಭಿನವಗುಪ್ತಾಚಾರ್ಯರು ಎಣಿಸಿದ್ದಾರೆ. ಆ ವಿಘ್ನಗಳು ತೊಲಗಿದಲ್ಲದೆ ಸಹೃದಯನ ಚಿತ್ತ ನಾಟಕದಲ್ಲಿ ನೆಲೆಗೊಳ್ಳದು. ಹಾಲಿವುಡ್ಡಿನವರು ಆಚಾರ್ಯರನ್ನು ಓದಿದವರಲ್ಲ. ಆದರೂ ವಿಘ್ನನಿವಾರಣೆಯನ್ನು ಅವರಷ್ಟು ಶ್ರದ್ಧೆಯಿಂದ ಸಾಧಿಸಿದವರು ಕಡಮೆ. ಚಲಚ್ಚಿತ್ರವೆಂಬುದು ನೂರಾರು ತುಂಡುಗಳನ್ನು ಜೋಡಿಸಿದ ವಸ್ತುವಷ್ಟೆ. ಇಬ್ಬರು ಎದುರುಬದುರಾಗಿ ಮಾತನಾಡುವಾಗ ಒಬ್ಬನ ಮುಖ, ಮತ್ತೊಬ್ಬನ ಮುಖ, ಮೇಜಿನ ಮೇಲಿನ ಕೈ ಎಂದು ತೆರೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದರೂ ನೋಡುವವನಿಗೆ ಗೊಂದಲವಾಗುವುದಿಲ್ಲ. ಏಕೆಂದರೆ ಕ್ಯಾಮರಾ ಇಬ್ಬರ ನಡುವಣ ಒಂದು ಕಲ್ಪಿತ ರೇಖೆಯನ್ನು ದಾಟದೆ ಒಂದೇ ಪಕ್ಕದಲ್ಲಿ ನಿಲ್ಲುತ್ತದೆ. ಒಬ್ಬನು ಬಲಕ್ಕೆ ನೋಡಿದರೆ ಇನ್ನೊಬ್ಬನು ಎಡಕ್ಕೆ ನೋಡುತ್ತಾನೆ. ಹಿಂದಿನ ತುಂಡಿನಲ್ಲಿ ಎತ್ತಿದ ಕೈ ಮುಂದಿನ ತುಂಡಿನಲ್ಲಿ ಇಳಿಯುತ್ತದೆ. ಮೂಕಚಿತ್ರಗಳ ಕಾಲದಲ್ಲಿಯೇ ನೆಲೆಗೊಂಡ ಈ ನಿಯಮಗಳನ್ನು ಪ್ರೇಕ್ಷಕನು ಅರಿಯನು, ಅರಿಯಬೇಕಾದುದೂ ಇಲ್ಲ. ತಾನು ಎಲ್ಲಿದ್ದೇನೆ, ಯಾರು ಯಾರನ್ನು ನೋಡುತ್ತಿದ್ದಾರೆ, ಯಾರಿಗೆ ಏನು ಬೇಕಾಗಿದೆ ಎಂಬ ಮೂರು ಸಂಗತಿಗಳು ಅವನಿಗೆ ಸದಾ ಸ್ಪಷ್ಟವಾಗಿರುತ್ತವೆ. ಅಷ್ಟಾದರೆ ಚಿತ್ತಕ್ಕೆ ಬೇರೆ ಕೆಲಸವಿಲ್ಲ. ಅದು ಕಥೆಯಲ್ಲಿ ಮುಳುಗುತ್ತದೆ.

ಎರಡನೆಯದು ಬೀಜನ್ಯಾಸ. ಮೊದಲಲ್ಲಿ ಅಲ್ಪವಾಗಿ ಬಿತ್ತಿದ್ದು ಕೊನೆಯಲ್ಲಿ ಫಲವಾಗಿ ಕಾಣಬೇಕೆಂಬುದು ನಾಟ್ಯಶಾಸ್ತ್ರದ ವಿಧಿ. ರಾಬರ್ಟ್ ಜೆಮೆಕಿಸ್‌ನ ‘ಬ್ಯಾಕ್ ಟು ದಿ ಫ್ಯೂಚರ್’ (1985) ಚಿತ್ರದಲ್ಲಿ ಈ ವಿಧಿ ಪಾಲಿತವಾಗಿರುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕಥೆ ಆರಂಭವಾಗಿ ಹೆಚ್ಚು ಹೊತ್ತಾಗುವ ಮೊದಲೇ, ಊರ ಗಡಿಯಾರದ ಗೋಪುರವನ್ನು ಉಳಿಸಬೇಕೆಂದು ಚಂದಾ ಎತ್ತುವ ಒಬ್ಬಾಕೆ ನಾಯಕನ ಕೈಗೆ ಒಂದು ಕಾಗದವನ್ನು ತುರುಕುತ್ತಾಳೆ. 1955ರಲ್ಲಿ ಸಿಡಿಲು ಬಡಿದು ಆ ಗಡಿಯಾರ ನಿಂತಿತೆಂಬ ಸಂಗತಿ ಅದರಲ್ಲಿದೆ. ಅವನಿಗೆ ಅದು ಉಪದ್ರವ, ನಮಗೆ ಊರ ಹರಟೆ. ಆದರೆ ಅವನು ಕಾಲಯಂತ್ರದಲ್ಲಿ ಆ 1955ಕ್ಕೇ ಹೋಗಿ ಸಿಕ್ಕಿಬಿದ್ದಾಗ, ಹಿಂದಿರುಗಲು ಬೇಕಾದ ವಿದ್ಯುಚ್ಛಕ್ತಿ ಸಿಡಿಲಿನಿಂದಲ್ಲದೆ ದೊರೆಯದೆಂದು ತಿಳಿದಾಗ, ಸಿಡಿಲು ಯಾವ ದಿನ ಯಾವ ಗಳಿಗೆಯಲ್ಲಿ ಬೀಳುವುದೆಂದು ಜಗತ್ತಿನಲ್ಲಿ ಬಲ್ಲವನು ಅವನೊಬ್ಬನೇ ಆಗುತ್ತಾನೆ. ಮತ್ತೊಂದು ಸೂಕ್ಷ್ಮವೂ ಉಂಟು. ಮೊದಲು ಅಂಗಡಿಸಾಲಿನ ಹೆಸರು ‘ಎರಡು ಪೈನ್ ಮರ’ಗಳೆಂದಿರುತ್ತದೆ. ಹಿಂದಿನ ಕಾಲಕ್ಕೆ ಹೋದ ಹುಡುಗ ಅವಸರದಲ್ಲಿ ಒಂದು ಮರದ ಮೇಲೆ ವಾಹನವನ್ನು ಹರಿಸುತ್ತಾನೆ. ಅವನು ಮರಳಿ ಬಂದಾಗ ಫಲಕದ ಮೇಲೆ ಒಂದೇ ಪೈನ್ ಮರದ ಹೆಸರಿದೆ. ಯಾರೂ ಅದನ್ನು ಬೆರಳಿಟ್ಟು ತೋರಿಸುವುದಿಲ್ಲ. ಕಂಡವನಿಗೆ ಕಂಡದ್ದೇ ಲಾಭ. ತನ್ನ ಜಾಣತನವನ್ನು ಕವಿ ನಂಬಿದ್ದಾನೆಂಬ ಈ ತೃಪ್ತಿ ಪ್ರೇಕ್ಷಕನ ಸಂತೋಷದಲ್ಲಿ ದೊಡ್ಡ ಪಾಲು.

ಮೂರನೆಯದು ಜ್ಞಾನದ ಹಂಚಿಕೆ. ಯಾರಿಗೆ ಯಾವುದು ಯಾವಾಗ ತಿಳಿಯಬೇಕೆಂಬುದನ್ನು ನಿಶ್ಚಯಿಸುವುದು ಕಥೆಗಾರನ ಮುಖ್ಯ ವಿದ್ಯೆ. ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಒಂದು ದೃಷ್ಟಾಂತದಿಂದ ವಿವರಿಸುತ್ತಿದ್ದನು. ಮೇಜಿನ ಕೆಳಗಿದ್ದ ಬಾಂಬು ಫಕ್ಕನೆ ಸಿಡಿದರೆ ಪ್ರೇಕ್ಷಕನಿಗೆ ಕೆಲವು ಕ್ಷಣಗಳ ಬೆಚ್ಚು. ಬಾಂಬು ಇದೆಯೆಂದು ಅವನಿಗೆ ಮೊದಲೇ ತಿಳಿಸಿ, ಮೇಜಿನ ಸುತ್ತ ಕುಳಿತವರು ಏನೂ ಅರಿಯದೆ ಹರಟುತ್ತಿದ್ದರೆ, ಆ ಹರಟೆಯಷ್ಟು ಹೊತ್ತೂ ಅವನಿಗೆ ಜೀವ ನಿಲ್ಲದು. ನಮಗೆ ಇದು ಹೊಸದಲ್ಲ. ಶಾಕುಂತಲದಲ್ಲಿ ದೂರ್ವಾಸರ ಶಾಪವನ್ನು ಸಖಿಯರಿಬ್ಬರು ಬಲ್ಲರು, ನಾವು ಬಲ್ಲೆವು. ಶಕುಂತಲೆ ಅರಿಯಳು, ದುಷ್ಯಂತನೂ ಅರಿಯನು. ಆದುದರಿಂದಲೇ ಅವಳು ಗಂಡನ ಮನೆಗೆ ಹೊರಡುವ ಮಂಗಳದ ದೃಶ್ಯ ನಮ್ಮ ಎದೆಯನ್ನು ಹಿಂಡುತ್ತದೆ.

ಈ ವಿದ್ಯೆಯ ಒಂದು ಉತ್ತಮ ನಿದರ್ಶನ ಸ್ಟೀವನ್ ಸ್ಪೀಲ್‌ಬರ್ಗ್‌ನ ‘ಜಾಸ್’ (1975). ಒಂದು ದ್ವೀಪದ ಕಡಲತೀರಕ್ಕೆ ನರಭಕ್ಷಕ ಶಾರ್ಕ್ ಮೀನು ಬಂದ ಕಥೆ ಅದು. ಚಿತ್ರಕ್ಕಾಗಿ ಮಾಡಿಸಿದ ಯಂತ್ರದ ಮೀನು ಉಪ್ಪುನೀರಿಗೆ ಇಳಿದೊಡನೆ ಮೇಲಿಂದ ಮೇಲೆ ಕೆಡುತ್ತಿತ್ತು. ಗತ್ಯಂತರವಿಲ್ಲದೆ ದಿಗ್ದರ್ಶಕನು ಮೀನನ್ನು ತೋರಿಸದೆಯೇ ಕಥೆ ನಡೆಸಬೇಕಾಯಿತು. ಚಿತ್ರ ಅರ್ಧ ಕಳೆಯುವವರೆಗೂ ಅದು ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಅಲ್ಲಾಡುವ ನೀರು, ತೇಲುವ ಹಳದಿ ಪೀಪಾಯಿ, ಜಾನ್ ವಿಲಿಯಮ್ಸ್ ರಚಿಸಿದ ಎರಡೇ ಸ್ವರಗಳ ಸಂಗೀತ, ಇಷ್ಟರಿಂದಲೇ ಅದರ ಇರವು ಧ್ವನಿತವಾಗುತ್ತದೆ. ವಾಚ್ಯಕ್ಕಿಂತ ವ್ಯಂಗ್ಯ ಬಲವತ್ತರವೆಂಬ ಸಿದ್ಧಾಂತಕ್ಕೆ ಕೆಟ್ಟ ಯಂತ್ರವೊಂದು ಸಾಕ್ಷಿಯಾದಂತಾಯಿತು. ಇನ್ನೊಂದು ವಿಷಯವನ್ನು ಗಮನಿಸಬೇಕು. ಹುಡುಗರಿಬ್ಬರು ರಟ್ಟಿನ ರೆಕ್ಕೆಯನ್ನು ನೀರಿನ ಮೇಲೆ ತೇಲಿಸಿ ಜನರನ್ನು ಹೆದರಿಸುವಾಗ ಆ ಎರಡು ಸ್ವರಗಳು ಕೇಳಿಸುವುದಿಲ್ಲ. ತೀರದ ಜನ ಮೋಸಹೋದರೂ ಸಂಗೀತ ನಮಗೆ ಸುಳ್ಳು ಹೇಳುವುದಿಲ್ಲ. ಪ್ರೇಕ್ಷಕನಿಗೂ ಕೃತಿಗೂ ನಡುವೆ ಒಂದು ಒಪ್ಪಂದವುಂಟೆಂದು ಇದರಿಂದ ತಿಳಿಯುತ್ತದೆ. ಆ ಒಪ್ಪಂದವನ್ನು ಕೃತಿ ಪಾಲಿಸುವವರೆಗೆ ನಾವು ಅದು ಕರೆದಲ್ಲಿಗೆ ಹೋಗುತ್ತೇವೆ.

ಬರಿಯ ಭಯದಿಂದಲೇ ಈ ಚಿತ್ರ ನಿಂತಿತೆನ್ನುವುದೂ ಸರಿಯಲ್ಲ. ಪಟ್ಟಣದವರ ಒತ್ತಾಯಕ್ಕೆ ಮಣಿದು ಕಡಲತೀರವನ್ನು ತೆರೆದಿಟ್ಟು, ಒಂದು ಮಗುವಿನ ಸಾವಿಗೆ ಕಾರಣನಾದೆನೆಂದು ಕೊರಗುತ್ತ ಪೊಲೀಸು ಅಧಿಕಾರಿ ಊಟದ ಮೇಜಿನ ಮುಂದೆ ಕುಳಿತಿದ್ದಾನೆ. ಪಕ್ಕದಲ್ಲಿ ಕುಳಿತ ಅವನ ಪುಟ್ಟ ಮಗ ತಂದೆ ಕೈ ಜೋಡಿಸಿದಂತೆ ತಾನೂ ಜೋಡಿಸುತ್ತಾನೆ, ತಂದೆ ಮುಖ ಮುಚ್ಚಿದಂತೆ ತಾನೂ ಮುಚ್ಚುತ್ತಾನೆ. ಕಥೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದರೆ ಈ ದೃಶ್ಯವಿಲ್ಲದಿದ್ದರೆ ಮುಂದೆ ಅವನು ಕಡಲಿಗಿಳಿದಾಗ ಅವನ ಪ್ರಾಣದ ಚಿಂತೆ ನಮಗೇಕೆ?

ಮೇಲೆ ಹೇಳಿದ ಗುಣಗಳೆಲ್ಲ ಒಟ್ಟುಗೂಡಿ ರಸದಲ್ಲಿ ಮುಗಿದ ಚಿತ್ರವೆಂದರೆ ಮೈಕೇಲ್ ಕರ್ಟಿಜ್‌ನ ‘ಕಾಸಾಬ್ಲಾಂಕಾ’ (1942). ಯುದ್ಧಕಾಲದಲ್ಲಿ ಯೂರೋಪಿನಿಂದ ತಪ್ಪಿಸಿಕೊಂಡು ಬಂದ ಜನ ಮೊರಾಕೊ ದೇಶದ ಆ ಊರಿನಲ್ಲಿ ರಹದಾರಿಗಾಗಿ ಕಾದಿದ್ದಾರೆ. ಅಲ್ಲಿ ಪಾನಗೃಹ ನಡೆಸುವ ರಿಕ್ ಯಾರಿಗಾಗಿಯೂ ತಾನು ಕಷ್ಟಕ್ಕೆ ಸಿಕ್ಕಿಕೊಳ್ಳೆನೆಂದು ಹೇಳುವ ಮನುಷ್ಯ. ಅವನ ಕೈಗೆ ಯಾರೂ ಪ್ರಶ್ನಿಸಲಾಗದ ಎರಡು ರಹದಾರಿಗಳು ಬರುತ್ತವೆ; ಅದೇ ರಾತ್ರಿ ಅವನ ಹಿಂದಿನ ಪ್ರೇಯಸಿ ಇಲ್ಸಾ, ನಾಜಿಗಳ ವಿರೋಧಿಯಾದ ತನ್ನ ಗಂಡನೊಡನೆ ಅಲ್ಲಿಗೆ ಬರುತ್ತಾಳೆ. ಅಂಥ ರಹದಾರಿ ಚರಿತ್ರೆಯಲ್ಲಿ ಇರಲೇ ಇಲ್ಲ. ಇದ್ದರೇನು, ಇಲ್ಲದಿದ್ದರೇನು? ನಂಬಲಾಗದ ಸಾಧ್ಯಕ್ಕಿಂತ ನಂಬಬಹುದಾದ ಅಸಾಧ್ಯವೇ ಕಾವ್ಯಕ್ಕೆ ಮೇಲೆಂದು ಅರಿಸ್ಟಾಟಲನು ಬಹು ಹಿಂದೆಯೇ ಒಪ್ಪಿದ್ದಾನೆ.

ಕೊನೆಯಲ್ಲಿ ರಿಕ್ ತನ್ನ ಪ್ರೀತಿಯನ್ನು ತ್ಯಜಿಸಿ ದಂಪತಿಗಳನ್ನು ವಿಮಾನ ಹತ್ತಿಸುತ್ತಾನೆ. ನಮಗೆ ಆಶ್ಚರ್ಯವಾಗುತ್ತದೆ, ಮರುಕ್ಷಣವೇ, ಇದು ಹೀಗೆಯೇ ಆಗಬೇಕಾಗಿತ್ತೆನಿಸುತ್ತದೆ. ಏಕೆ? ಇದಕ್ಕೆ ಬಹಳ ಮೊದಲು, ರಹದಾರಿಗೆ ಹಣವಿಲ್ಲದೆ ಮಾನವನ್ನೇ ಒತ್ತೆಯಿಡಬೇಕಾಗಿ ಬಂದ ಬಲ್ಗೇರಿಯಾದ ಎಳೆಯ ಹೆಂಡತಿಯೊಬ್ಬಳು ರಿಕ್ಕನ ಬಳಿಗೆ ಬರುತ್ತಾಳೆ. ಅವನು ಒರಟಾಗಿ ಮಾತನಾಡಿ ಅವಳನ್ನು ಕಳುಹಿಸುತ್ತಾನೆ. ಆಮೇಲೆ ಜೂಜಿನ ಮೇಜಿನ ಬಳಿಗೆ ಹೋಗಿ, ಅವಳ ಗಂಡನಿಗೆ 22ನೆಯ ಅಂಕದ ಮೇಲೆ ಪಣ ಕಟ್ಟೆಂದು ಸೂಚಿಸಿ ಎರಡು ಸಲ ಗೆಲ್ಲಿಸುತ್ತಾನೆ. ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದನ್ನು ಮಾಡುತ್ತದೆ. ಕೊನೆಯ ತ್ಯಾಗದ ಬೀಜ ಇದೇ. ಜರ್ಮನ್ ಅಧಿಕಾರಿಗಳು ತಮ್ಮ ಹಾಡನ್ನು ಹಾಡುತ್ತಿದ್ದಾಗ ಫ್ರೆಂಚ್ ರಾಷ್ಟ್ರಗೀತೆಯನ್ನು ನುಡಿಸಲು ವಾದ್ಯಗಾರರಿಗೆ ಅವನು ಬರಿಯ ತಲೆಯಾಡಿಸಿ ಅನುಮತಿ ಕೊಡುವ ಪ್ರಸಂಗವೂ ಅಂಥದೇ. ಆ ದೃಶ್ಯದಲ್ಲಿ ಕಣ್ಣೀರು ಸುರಿಸುತ್ತ ಹಾಡುವ ಮ್ಯಾಡ್ಲೀನ್ ಲೆಬೋ ಸ್ವತಃ ಫ್ರಾನ್ಸನ್ನು ಬಿಟ್ಟು ಓಡಿಬಂದವಳು; ನಾಜಿ ಮೇಜರನ ಪಾತ್ರ ವಹಿಸಿದ ಕೋನ್ರಾಡ್ ಫೈಟ್ ನಾಜಿಗಳಿಗೆ ಹೇಸಿ ಜರ್ಮನಿಯನ್ನು ತೊರೆದವನು. ಕ್ಯಾಲಿಫೋರ್ನಿಯದ ಸ್ಟುಡಿಯೋ ಒಂದರಲ್ಲಿ ಕಟ್ಟಿದ ಹುಸಿ ಮೊರಾಕೊದೊಳಗೆ ನಿಜವಾದ ನಿರಾಶ್ರಿತರಿದ್ದರು. ಕೃತಕತೆಯ ನಡುವೆ ಸತ್ಯ ಹೀಗೆ ನುಸುಳಿದಾಗ ಜನಪ್ರಿಯ ಕಲೆ ಎಷ್ಟು ಎತ್ತರಕ್ಕೇರಬಲ್ಲುದೆಂಬುದು ಇಲ್ಲಿ ಕಾಣುತ್ತದೆ.

ಇಷ್ಟಾದರೂ ಆಕ್ಷೇಪಣೆಗಳುಂಟು. ಒಂದು, ಈ ಚಿತ್ರಗಳೆಲ್ಲ ಒಂದೇ ಅಚ್ಚಿನವೆಂಬುದು. ಇದನ್ನು ಒಪ್ಪಬಹುದು, ಆದರೆ ಅಚ್ಚು ದೋಷವಲ್ಲ. ರಾತ್ರಿಯೆಲ್ಲ ಯಕ್ಷಗಾನ ನೋಡುವವನಿಗೆ ಪ್ರಸಂಗದ ಕೊನೆ ತಿಳಿದೇ ಇರುತ್ತದೆ. ಈ ಸಲ ಈ ವೇಷಧಾರಿ ಅದನ್ನು ಹೇಗೆ ನಡೆಸುವನೆಂಬುದೇ ಅವನ ಆಸಕ್ತಿ. ‘ಅವೆಂಜರ್ಸ್: ಎಂಡ್‌ಗೇಮ್’ (2019) ಒಂದೇ ಮಾಲೆಯ ಇಪ್ಪತ್ತೆರಡನೆಯ ಚಿತ್ರ, ಮೂರು ಗಂಟೆಗಳಷ್ಟು ಉದ್ದದ್ದು. ಅದರ ಸಂತೋಷ ಬಹುಮಟ್ಟಿಗೆ ಹಳೆಯ ಪರಿಚಿತರನ್ನು ಮತ್ತೆ ಕಂಡ ಸಂತೋಷ. ಆದರೆ ಬಿತ್ತುವ ಶ್ರಮವನ್ನು ಹಿಂದಿನ ಚಿತ್ರಗಳಿಗೆ ಬಿಟ್ಟು ಕೊಯ್ಲನ್ನು ಮಾತ್ರ ಇಲ್ಲಿ ಮಾಡಿದರೆ, ಹೊಸದಾಗಿ ಬಂದವನ ಪಾಲಿಗೆ ಗದ್ದಲವೇ ಉಳಿಯುತ್ತದೆ.

ಎರಡನೆಯ ಆಕ್ಷೇಪಣೆ ಗಂಭೀರವಾದದ್ದು. ಇದೇ ಸ್ಪೀಲ್‌ಬರ್ಗ್ 1984ರಲ್ಲಿ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಟೆಂಪಲ್ ಆಫ್ ಡೂಮ್’ ಎಂಬ ಚಿತ್ರವನ್ನು ತೆಗೆದನು. ಗಣಿಯ ಬಂಡಿಗಳ ಓಟವೊಂದೇ ಸಾಕು, ಅವನ ಕೌಶಲ ಕುಂದಿರಲಿಲ್ಲವೆನ್ನಲು. ಆದರೆ ಅದು ಚಿತ್ರಿಸಿದ ಭಾರತ ಎಂಥದು? ಅರಮನೆಯ ಔತಣದಲ್ಲಿ ಜೀವಂತ ಹಾವುಗಳು, ಕಣ್ಣುಗುಡ್ಡೆಗಳ ಸಾರು, ಕೋತಿಯ ಮಿದುಳು. ಕಾಳಿಯ ಹೆಸರಿನಲ್ಲಿ ಬದುಕಿರುವವನ ಹೃದಯವನ್ನು ಕೀಳುವ ಪೂಜಾರಿ, ಅವನ ಪಾತ್ರದಲ್ಲಿ ನಮ್ಮವನೇ ಆದ ಅಮರೀಶ್ ಪುರಿ. ಇಲ್ಲಿ ಚಿತ್ರೀಕರಣಕ್ಕೆ ಒಪ್ಪಿಗೆ ಸಿಗದೆ ಅದನ್ನು ಶ್ರೀಲಂಕಾದಲ್ಲಿ ತೆಗೆದರು. ಭಾರತದಲ್ಲಿ ಅದಕ್ಕೆ ಕೆಲವು ಕಾಲ ನಿಷೇಧವೂ ಇತ್ತು. ನಾನು ಅದನ್ನು ನೋಡಿದಾಗ ಬಂಡಿಗಳ ಓಟದಲ್ಲಿ ಮೈಮರೆತೆನೆಂಬುದನ್ನು ಮುಚ್ಚಿಡಲಾರೆ. ಔತಣದ ದೃಶ್ಯದಲ್ಲಿ ನಾಚಿಕೆಯೂ ಸಿಟ್ಟೂ ಬಂದುದೂ ಅಷ್ಟೇ ನಿಜ. ಒಂದೇ ಕೈ, ಒಂದೇ ವಿದ್ಯೆ, ಒಂದೇ ಸಂಜೆ. ವಿಘ್ನಗಳನ್ನೆಲ್ಲ ನೀಗಿ ಚಿತ್ತವನ್ನು ತೆರೆಯಿಸುವ ಕಲೆ, ತೆರೆದ ಆ ಬಾಗಿಲಿನಿಂದ ಸುಳ್ಳನ್ನೂ ಒಳಗೆ ಬಿಡಬಲ್ಲುದು. ನಮ್ಮ ವಿಷಯವಾದ್ದರಿಂದ ಇಲ್ಲಿ ಸುಳ್ಳು ಗೊತ್ತಾಯಿತು. ಅನ್ಯರ ವಿಷಯದಲ್ಲಿ ಇಂಥವೆಷ್ಟನ್ನು ನಾವು ಸಂತೋಷದೊಡನೆ ನುಂಗಿದ್ದೇವೆಯೋ ಯಾರು ಬಲ್ಲರು?

ಆದುದರಿಂದ ಆನಂದವನ್ನು ಅಲ್ಲಗಳೆಯುವುದು ಪರಿಹಾರವಾಗದು. ಕೃತಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತೆಂಬುದಕ್ಕೆ ಆನಂದ ಸಾಕ್ಷಿ. ಅದು ಹೇಳಿದ್ದು ಸತ್ಯವೆಂಬುದಕ್ಕೆ ಸಾಕ್ಷಿಯಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ನಮಗೆ ಬೇಕು. ಮಕ್ಕಳೊಡನೆ ಕುಳಿತು ಚಿತ್ರ ನೋಡುವ ಹಿರಿಯರು, ಮುಗಿದ ಮೇಲೆ ‘ಯಾವುದು ಇಷ್ಟವಾಯಿತು, ಏಕೆ ಇಷ್ಟವಾಯಿತು?’ ಎಂದು ಮೊದಲು ಕೇಳಲಿ. ‘ಅದರಲ್ಲಿ ತೋರಿಸಿದ ಜನ ನಿಜವಾಗಿ ಹಾಗಿದ್ದಾರೆಯೆ?’ ಎಂದು ಆಮೇಲೆ ಕೇಳಲಿ. ಮೊದಲ ಪ್ರಶ್ನೆಯಿಂದ ಮಕ್ಕಳ ರಸಿಕತೆ ಬೆಳೆಯುತ್ತದೆ, ಎರಡನೆಯದರಿಂದ ವಿವೇಕ ಬೆಳೆಯುತ್ತದೆ. ಹೊತ್ತು ಕಳೆಯಲು ನೋಡಿದೆವೆಂದು ಹೇಳಿ ಎದ್ದುಹೋಗುವ ಮನೆಯಲ್ಲಿ ಎರಡಕ್ಕೂ ಅವಕಾಶವಿರುವುದಿಲ್ಲ.