ಕಲ್ಲು ಸುರಿದಷ್ಟೂ ಕಿರಿದಾಗುವ ಕಿನಾರೆ

ಮುಂಗಾರು ಬಿರುಸಾದಾಗ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆಯಿಂದ ವರ್ಷವೂ ಒಂದೇ ಬಗೆಯ ಸುದ್ದಿ ಬರುತ್ತದೆ. ತೆಂಗಿನ ಮರಗಳು ಬುಡ ಕಳಚಿ ಬೀಳುತ್ತವೆ, ಅಲೆ ಮನೆಯಂಗಳಕ್ಕೆ ನುಗ್ಗುತ್ತದೆ, ಜನಪ್ರತಿನಿಧಿಗಳು ಬಂದು ನೋಡಿ ಹೋಗುತ್ತಾರೆ, ಬೆನ್ನಿಗೇ ಟಿಪ್ಪರ್‌ಗಳು ಬಂಡೆಗಲ್ಲು ತಂದು ಸುರಿಯುತ್ತವೆ. ಕಡಲ್ಕೊರೆತ ಎಂದರೆ ತಡೆಗೋಡೆ ಎನ್ನುವಷ್ಟು ಈ ಕ್ರಮ ರೂಢಿಯಾಗಿದೆ. ಇಷ್ಟು ಕಾಲ ನಡೆದುಬಂದ ಈ ಪದ್ಧತಿಯನ್ನು ಅದರ ಫಲದಿಂದಲೇ ಅಳೆಯಬೇಕು.

ಮೊದಲು ಅದಕ್ಕೆ ಸಲ್ಲಬೇಕಾದ ಮಾತು. ಅಲೆ ಹೊಸ್ತಿಲಿಗೆ ಬಂದ ರಾತ್ರಿ ಆ ಮನೆಯವರಿಗೆ ಬೇಕಾದದ್ದು ಕಲ್ಲೇ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯನ್ನು ಸರಿಸಲು ಅಲ್ಲಿ ಜಾಗವೇ ಇಲ್ಲ. ಕಲ್ಲಿನ ರಕ್ಷಣೆ ಅನಿವಾರ್ಯ. ಅನಿವಾರ್ಯವಾದ ಕಡೆಗೆ ಮೀಸಲಾಗಬೇಕಿದ್ದ ಉಪಾಯ ಕರಾವಳಿಯುದ್ದಕ್ಕೂ ಮಾಮೂಲಿ ಕಾಮಗಾರಿಯಾದದ್ದು ನನ್ನ ಮುಖ್ಯ ಆಕ್ಷೇಪ.

ಗೋಡೆಯ ಬುಡದಲ್ಲಿ ಏನಾಗುತ್ತದೆ ನೋಡಿ. ಇಳಿಜಾರು ಮರಳಿನ ಮೇಲೆ ಏರಿ ಬರುವ ಅಲೆ ದಾರಿಯಲ್ಲೇ ಸೊರಗುತ್ತದೆ. ಕಲ್ಲಿಗೆ ಬಡಿದ ಅಲೆ ಕಸುವು ಉಳಿಸಿಕೊಂಡೇ ಹಿಂದಿರುಗಿ ಬುಡದ ಮರಳನ್ನು ಕೆದಕಿ ಎಳೆದೊಯ್ಯುತ್ತದೆ. ಆಗ ಕೆಳಗಿನ ಕಲ್ಲು ಹೂತುಹೋಗುತ್ತದೆ, ಮೇಲಿನದು ಉರುಳುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಜೋರಾಗಿ, ಅಲ್ಲಿಯವರೆಗೆ ಕ್ಷೇಮವಾಗಿದ್ದ ಪಕ್ಕದ ಮನೆಗೆ ಕುತ್ತು ಬರುತ್ತದೆ. ಅವರೂ ಕಲ್ಲು ಕೇಳುತ್ತಾರೆ. ಹೀಗೆ ಒಂದು ಗೋಡೆ ಇನ್ನೊಂದನ್ನು ಬೇಡುತ್ತಾ ಹೋಗುತ್ತದೆ.

ಮರಳಿಗೆ ತನ್ನದೇ ಋತುಮಾನವಿದೆ. ಮಳೆಗಾಲದಲ್ಲಿ ಕಿನಾರೆಯಿಂದ ಹೋದ ಮರಳು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬವಾಗಿ ನಿಂತು ಅಲೆಯನ್ನು ಅಲ್ಲೇ ಮುರಿಯುತ್ತದೆ; ಮಳೆ ಕಳೆದ ಮೇಲೆ ಬಹುಪಾಲು ಮರಳಿ ದಡ ಸೇರುತ್ತದೆ. ಈ ಹೋಗಿಬರುವ ವ್ಯವಹಾರಕ್ಕೆ ಜಾಗ ಬೇಕು. ಆ ಜಾಗದಲ್ಲೇ ಮನೆ, ರಸ್ತೆ, ರೆಸಾರ್ಟ್ ಕಟ್ಟಿ ಕಡಲು ಒಳಗೆ ಬಂತು ಎಂದು ದೂರುವುದು ನ್ಯಾಯವಲ್ಲ. ಬರಬೇಕಾದ ಮರಳನ್ನೂ ನಾವೇ ತಡೆದಿದ್ದೇವೆ: ನದಿಗಳಿಗೆ ಅಣೆಕಟ್ಟು, ನದೀಪಾತ್ರದಲ್ಲಿ ಮರಳುಗಾರಿಕೆ, ನೇತ್ರಾವತಿ–ಗುರುಪುರ ಅಳಿವೆಬಾಗಿಲಿನಲ್ಲಿ ದೋಣಿಗಳಿಗಾಗಿ ಕಟ್ಟಿದ ಅಲೆತಡೆಗಳು. ದೋಣಿಗೆ ಅಳಿವೆ ಬೇಕೇ ಬೇಕು. ಆದರೆ ಅಲ್ಲಿ ತಡೆದ ಮರಳನ್ನು ಪಕ್ಕದ ದಡಕ್ಕೆ ತಲುಪಿಸುವ ಹೊಣೆಯೂ ಆ ಕಾಮಗಾರಿಯದೇ ಆಗಬೇಕಿತ್ತು.

ಏಷ್ಯಾ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಒಪ್ಪಿದ ಸಾಲದ ಯೋಜನೆಯಲ್ಲಿ ಉಳ್ಳಾಲಕ್ಕೆ ಬೇರೆ ದಾರಿ ಹುಡುಕಲಾಯಿತು. ದಡದಿಂದಾಚೆ ನೀರಿನಡಿ ಕೃತಕ ಬಂಡೆಸಾಲುಗಳನ್ನು ಕಟ್ಟಿ ಅಲೆಯನ್ನು ದೂರದಲ್ಲೇ ಕುಗ್ಗಿಸುವುದು ಅದರ ಆಶಯ. ದಿಕ್ಕು ಸರಿ, ಹರವು ಸಾಲದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಕ್ಷಿಣದ ಸೋಮೇಶ್ವರ, ಉಚ್ಚಿಲದ ಕಡೆ ಹಾನಿಯಾಯಿತು. ಒಂದು ಊರಿನ ದಡವನ್ನಷ್ಟೇ ಪ್ರತ್ಯೇಕಿಸಿ ಕಾಯಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗೋಡೆಯ ಲೆಕ್ಕದಲ್ಲಿ ಬಾರದ ನಷ್ಟ ಇನ್ನೊಂದಿದೆ. ಮೊಗವೀರರ ಕೈರಂಪಣಿ ನಡೆಯುವುದೇ ಮರಳಿನ ಮೇಲೆ. ದೋಣಿಯಲ್ಲಿ ಹೋಗಿ ಬಲೆ ಬಿಟ್ಟು ಬಂದ ಮೇಲೆ ಹತ್ತಾರು ಮಂದಿ ಎರಡು ತುದಿಯ ಹಗ್ಗ ಹಿಡಿದು ದಡಕ್ಕೆ ಎಳೆಯುತ್ತಾರೆ. ಬಂಡೆಗಳ ರಾಶಿಯ ಮೇಲೆ ಕಾಲೂರಿ ಯಾರೂ ಬಲೆ ಎಳೆಯಲಾರರು, ನಾಡದೋಣಿ ಮೇಲೇರಿಸಲಾರರು, ಮೀನು ಒಣಗಿಸಲಾರರು. ಸಂಜೆ ಕಡಲಿಗೆ ಬರುವ ಮಕ್ಕಳು, ಮುದುಕರು ಗೋಡೆಯ ಈಚೆಯೇ ನಿಲ್ಲಬೇಕು. ಕಿನಾರೆ ಎಲ್ಲರ ಸ್ವತ್ತು. ಗೋಡೆ ಅದರ ಹಿಂದಿನ ಜಾಗವನ್ನು ಉಳಿಸಿ, ಮುಂದಿನ ಸ್ವತ್ತನ್ನು ಕಳೆಯುತ್ತದೆ.

ಕಾನೂನೂ ಈ ವಿಷಯದಲ್ಲಿ ಹಿಂದೆ ಸರಿದಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ನಿರ್ಮಾಣ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. 1990ರಿಂದ 2016ರವರೆಗಿನ ರಾಷ್ಟ್ರೀಯ ಸಮೀಕ್ಷೆ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ತೋರಿಸಿದ ಮೇಲೂ ಹೀಗಾಯಿತು. ಇವತ್ತು 50 ಮೀಟರಿನಾಚೆ ಕಟ್ಟಿದ ಮನೆ ನಾಳೆ ಕಲ್ಲು ಕೇಳದಿರದು.

ನನ್ನ ತೀರ್ಮಾನ ಸ್ಪಷ್ಟ. ತಡೆಗೋಡೆ ತುರ್ತಿನ ಕಟ್ಟು. ಅದನ್ನೇ ಚಿಕಿತ್ಸೆಯೆಂದು ನಡೆಸಿದ್ದು ತಪ್ಪು. ಖಾಲಿ ಉಳಿದಿರುವ ದಡವನ್ನು ಖಾಲಿಯಾಗಿಯೇ ಬಿಡಬೇಕು. ಅಳಿವೆಯ ಹೂಳಿನಲ್ಲಿ ಸಿಗುವ ಶುದ್ಧ ಮರಳು ಕಿನಾರೆಗೇ ಸೇರಬೇಕು. ಅಡುಂಬು ಬಳ್ಳಿ, ಕೇದಗೆ ಬೆಳೆದ ಮರಳದಿಬ್ಬಗಳನ್ನು ಸಮತಟ್ಟು ಮಾಡಬಾರದು. ಕೊರೆತದ ಅಂಚಿನಲ್ಲಿರುವ ಮೀನುಗಾರ ಕುಟುಂಬಗಳಿಗೆ ಕಡಲಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ನಿವೇಶನ ಸಿಗಬೇಕು. ಮುಂದಿನ ಸಲ ನಿಮ್ಮೂರಿಗೆ ತಡೆಗೋಡೆ ಮಂಜೂರಾದಾಗ ಎಷ್ಟು ಲೋಡು ಕಲ್ಲು ಬಂತೆಂದು ಕೇಳಿ ಸುಮ್ಮನಾಗಬೇಡಿ. ಡಿಸೆಂಬರಿನಲ್ಲಿ ಎಷ್ಟು ಅಗಲದ ಮರಳು ಉಳಿಯುತ್ತದೆ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.