ಉಸಿರು ನಿಲ್ಲಿಸಿದ ಅರೆಗಳಿಗೆ
ವೆಂಟಿಲೇಟರಿನಲ್ಲಿ ಒಂದು ಗುಂಡಿಯಿದೆ. ಉಸಿರು ಒಳಹೋದ ಕೊನೆಯಲ್ಲಿ ಅದನ್ನು ಒತ್ತಿ ಹಿಡಿದರೆ ಗಾಳಿ ಒಳಗೂ ಹೋಗದೆ ಹೊರಗೂ ಬಾರದೆ ಅರೆಗಳಿಗೆ ನಿಲ್ಲುತ್ತದೆ. ಪರದೆಯ ಮೇಲಿನ ಒತ್ತಡದ ಗೆರೆ ಶಿಖರದಿಂದ ಜಾರಿ ಸಮತಟ್ಟಾಗುತ್ತದೆ. ಐಸಿಯುವಿನ ಅಷ್ಟೆಲ್ಲ ಯಂತ್ರಗಳ ನಡುವೆ ನನಗೆ ಅತಿ ಚೆಂದ ಕಾಣುವುದು ಈ ಪುಟ್ಟ ಗೆರೆಯೇ.

ಶಿಖರಕ್ಕೂ ಸಮತಟ್ಟಿಗೂ ನಡುವಿನ ಅಂತರ ಗಾಳಿಯ ದಾರಿಯ ಕಥೆ: ಕಫ ಕಟ್ಟಿದೆಯೇ, ಕೊಳವೆ ಮಡಚಿದೆಯೇ? ಸಮತಟ್ಟು ಹೇಳುವುದು ಶ್ವಾಸಕೋಶದ ಬಿಗಿತವನ್ನು. 420 ಮಿ.ಲೀ. ಗಾಳಿ ತುಂಬಿದಾಗ ಅದು 24 ಸೆಂ.ಮೀ. ನೀರಿನ ಒತ್ತಡ ತೋರಿಸಿತು ಎನ್ನಿ. ಉಸಿರು ಬಿಟ್ಟಮೇಲೂ ಯಂತ್ರ ಉಳಿಸಿಕೊಳ್ಳುವ ಒತ್ತಡ 10. ವ್ಯತ್ಯಾಸ 14. ಅದರಿಂದ 420ನ್ನು ಭಾಗಿಸಿದರೆ 30. ಅಂದರೆ ಒಂದೊಂದು ಸೆಂ.ಮೀ. ಒತ್ತಡಕ್ಕೆ ಎದೆ ಹಿಗ್ಗುವುದು ಬರೀ 30 ಮಿ.ಲೀ.

ಇಂಥ ಶ್ವಾಸಕೋಶ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಗಾಳಿಯಾಡುವ ಭಾಗವೇ ಮಗುವಿನದರಷ್ಟು ಕಿರಿದಾಗಿರುತ್ತದೆ ಎಂದು ತೋರಿಸಿದವರು ಇಟಲಿಯ ಲೂಚಿಯಾನೊ ಗಟ್ಟಿನೋನಿ. ಎಂಥ ಕರುಣೆಯ ಕಾಣ್ಕೆ! ಮಗುವಿಗೆ ದೊಡ್ಡವರ ತುತ್ತು ತುರುಕಬಾರದು. ಇಂಥ ಶ್ವಾಸಕೋಶದ ರೋಗಿಗಳ ಬಗ್ಗೆ 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಪ್ರತಿ ಉಸಿರಿಗೆ ಎತ್ತರಕ್ಕೆ ತಕ್ಕ ತೂಕದ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ. ಗಾಳಿ ಕೊಟ್ಟಾಗ ಸಾವು ಶೇ. 39.8ರಿಂದ 31ಕ್ಕೆ ಇಳಿಯಿತು. ಕಡಿಮೆ ಗಾಳಿ ಪಡೆದ ಗುಂಪಿನಲ್ಲಿ ಸಮತಟ್ಟಿನ ಒತ್ತಡ 30 ಮೀರದಂತೆ ಕಾದಿದ್ದರು.

ಗುಂಡಿ ಒತ್ತಿ ಹಿಡಿದಾಗ ರೋಗಿ ತಾನೇ ಉಸಿರೆಳೆಯಲು ಹೆಣಗಿದರೆ ಈ ಅಳತೆ ಕೆಡುತ್ತದೆ. ಅದಕ್ಕೇ ಅನುಭವಿಗಳು ಅಂಕಿಗಿಂತ ಮೊದಲು ಗೆರೆ ನೋಡುತ್ತಾರೆ, ಗೆರೆಗಿಂತ ಮೊದಲು ಎದೆ ನೋಡುತ್ತಾರೆ.