ಬೆಳ್ಳಿ ಬಟ್ಟಲಿನ ಸಾರು

ರಾತ್ರಿ ನಿದ್ದೆಗಣ್ಣಲ್ಲಿ ಎದ್ದು ಪಾಯಖಾನೆಗೆ ಹೋಗಬೇಕಾದ ರೋಗಿಗೆ ಹೊದೆಯಲು ಕುರಿಚರ್ಮದ ನಿಲುವಂಗಿ, ಕಾಲಿಗೆ ಮೆಟ್ಟು, ತಲೆಗೆ ಉಣ್ಣೆಯ ಟೋಪಿ ಕೊಡತಕ್ಕದ್ದು. ಮಂಚ ಮೈಚಾಚಿ ಮಲಗುವಷ್ಟು ಉದ್ದ, ಅಗಲ ಇರತಕ್ಕದ್ದು. ಒಂದೊಂದು ಹಾಸಿಗೆಗೂ ಅದರದೇ ಹಚ್ಚಡ, ಅದರದೇ ಹೊದಿಕೆ. ಯಾತ್ರೆಗೆ ಬಂದ ಹೆಂಗಸು ಇಲ್ಲಿಯೇ ಹೆತ್ತರೆ ಕೂಸಿಗೆ ಬೇರೆ ಪುಟ್ಟ ತೊಟ್ಟಿಲು ಒದಗಿಸತಕ್ಕದ್ದು. ತಾಯಿ ಹೊರಳಾಡಿದರೆ ಮಗುವಿಗೆ ಅಪಾಯವಾಗಬಾರದು.

1182ರಲ್ಲಿ ಜೆರುಸಲೇಮಿನ ಒಂದು ಆಸ್ಪತ್ರೆ ತನಗೆ ತಾನೇ ಹಾಕಿಕೊಂಡ ಕಟ್ಟಳೆಗಳ ಸಾರಾಂಶ ಇದು. ಇದನ್ನು ಮೊದಲ ಸಲ ಓದಿದಾಗ ನಾನು ಮೆಟ್ಟಿನ ಮಾತಿನ ಹತ್ತಿರ ನಿಂತುಬಿಟ್ಟೆ. ಮದ್ದು, ವೈದ್ಯ, ಪಥ್ಯ ಯಾರಿಗಾದರೂ ಹೊಳೆಯುತ್ತವೆ. ತಣ್ಣನೆಯ ಕಲ್ಲುನೆಲಕ್ಕೆ ಜ್ವರದ ಅಂಗಾಲು ತಾಗುವ ಆ ಒಂದು ಗಳಿಗೆಯನ್ನು ನೆನೆದವನು ಮಾತ್ರ ಸ್ವತಃ ಜ್ವರದಲ್ಲಿ ಮಲಗಿ ಎದ್ದವನೇ ಇರಬೇಕು.

ಆಸ್ಪತ್ರೆ ನಡೆಸುತ್ತಿದ್ದವರು ಸೇಂಟ್ ಜಾನ್ ಪಂಥದವರು. ಚರಿತ್ರೆಯ ಪುಸ್ತಕಗಳು ಅವರನ್ನು ಹಾಸ್ಪಿಟಲರ್‌ಗಳು ಎನ್ನುತ್ತವೆ. ಇಟಲಿಯ ಅಮಾಲ್ಫಿ ಊರಿನ ವರ್ತಕರು ಯಾತ್ರಿಕರಿಗೆಂದು ಕಟ್ಟಿಸಿದ ಛತ್ರ ಅದರ ಮೂಲ. 1099ರಲ್ಲಿ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಬಂದ ಕ್ರೈಸ್ತ ಸೇನೆ ಜೆರುಸಲೇಮನ್ನು ಹಿಡಿಯುವುದಕ್ಕೂ ಮೊದಲೇ ಆ ಛತ್ರ ಅಲ್ಲಿತ್ತು. ಜೆರಾರ್ಡ್ ಎಂಬ ಸಹೋದರ ಅದನ್ನು ನೋಡಿಕೊಳ್ಳುತ್ತಿದ್ದ. 1113ರಲ್ಲಿ ಪೋಪ್ ಎರಡನೆಯ ಪಾಸ್ಕಲ್ ಅದಕ್ಕೆ ಸ್ವತಂತ್ರ ಪಂಥದ ಮನ್ನಣೆ ಕೊಟ್ಟ. ಜೆರಾರ್ಡನ ನಂತರ ಬಂದ ರೇಮಂಡ್ ದು ಪ್ಯುಯಿ ಬರೆದ ನಿಯಮಾವಳಿಯಲ್ಲಿ ರೋಗಿಯೇ ಒಡೆಯ, ಸಹೋದರ ಅವನ ಆಳು. ಮನೆಯ ಯಜಮಾನನಿಗೆ ಬಡಿಸಿದ ಹಾಗೆ ರೋಗಿಗೆ ಬಡಿಸಿ, ಆಮೇಲೆ ತಾವು ಉಣ್ಣಬೇಕು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಎಲ್ಲ ಸನ್ಯಾಸಿಗಳೂ ತೊಡುತ್ತಿದ್ದರು. ಈ ದಾಸ್ಯ ಮಾತ್ರ ಇವರ ಸ್ವಂತದ್ದು.

ಕತ್ತಿ ಆಮೇಲೆ ಬಂತು. ಯಾತ್ರಿಕರ ದಾರಿಗೆ ಕಾವಲು ಬೇಕು ಎಂಬಲ್ಲಿ ಶುರುವಾಗಿ, ಕೋಟೆಗಳ ಉಸ್ತುವಾರಿಯವರೆಗೆ ಬೆಳೆಯಿತು. 1142ರಲ್ಲಿ ಟ್ರಿಪೊಲಿಯ ದೊರೆ ಸಿರಿಯಾದ ಕ್ರಾಕ್ ದೆ ಶೆವಾಲಿಯೆ ಕೋಟೆಯನ್ನು ಇವರಿಗೆ ಒಪ್ಪಿಸುವ ಹೊತ್ತಿಗೆ ಛತ್ರದ ಸಹೋದರರು ಕುದುರೆ ಏರಿದ ನೈಟ್‌ಗಳಾಗಿದ್ದರು. ಅದೇ ಕಾಲಕ್ಕೆ ಜೆರುಸಲೇಮಿನ ಆಸ್ಪತ್ರೆಯೂ ಬೆಳೆಯುತ್ತಲೇ ಇತ್ತು. 1160ರ ದಶಕದಲ್ಲಿ ಬಂದ ವ್ಯೂರ್ಟ್ಸ್‌ಬರ್ಗಿನ ಯೋಹಾನ್ ಎಂಬ ಜರ್ಮನ್ ಪಾದ್ರಿ, ತಾನು ನೋಡಿದಾಗ ಅಲ್ಲಿ 2000 ರೋಗಿಗಳಿದ್ದರೆಂದೂ ಕೆಲವು ದಿನ ಐವತ್ತಕ್ಕಿಂತ ಹೆಚ್ಚು ಹೆಣ ಹೊರಗೆ ಹೋಗುತ್ತಿದ್ದವೆಂದೂ ಬರೆದಿಟ್ಟ. ಎರಡನೆಯ ಲೆಕ್ಕವನ್ನು ಅವನು ಮುಚ್ಚಿಡಲಿಲ್ಲವಾದ್ದರಿಂದ ಮೊದಲನೆಯದನ್ನೂ ನಂಬಬೇಕೆನಿಸುತ್ತದೆ.

ತೊಟ್ಟಿಲಿನ ಕಟ್ಟಳೆಗೆ ಒಪ್ಪಿಗೆಯ ಮುದ್ರೆ ಒತ್ತಿದ ಮುಖ್ಯಸ್ಥನ ಹೆಸರು ರೋಜರ್ ದ ಮೂಲ್ಯಾಂ. ಐದು ವರ್ಷದ ನಂತರ, 1187ರ ಮೇ 1ರಂದು, ನಜರೇತಿನ ಹತ್ತಿರ ಕ್ರೆಸಾನ್ ಎಂಬ ಒರತೆಯ ಬಳಿ ನಡೆದ ಕಾಳಗದಲ್ಲಿ ಅವನು ಕತ್ತಿ ಹಿಡಿದೇ ಸತ್ತ. ಅದೇ ವರ್ಷ ಈಜಿಪ್ಟಿನ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಗೆದ್ದ. ಕೂಸಿನ ತೊಟ್ಟಿಲಿನ ಅಳತೆ ಯೋಚಿಸಿದ ತಲೆ, ಕತ್ತಿ ಬೀಸಿದ ಕೈ ಎರಡೂ ಒಂದೇ ಮೈಯವು. ಈ ಪಂಥದ ಬಗ್ಗೆ ಎಲ್ಲಿ ಓದಲು ಹೊರಟರೂ ಈ ಜೋಡಿ ನನ್ನನ್ನು ಅಡ್ಡಗಟ್ಟುತ್ತದೆ. ಒಂದನ್ನು ಮೆಚ್ಚಿ ಇನ್ನೊಂದನ್ನು ಬಿಡೋಣ ಎಂದರೆ ಬಿಡುವುದಿಲ್ಲ.

ಮುಂದಿನ ಮೂರೂವರೆ ಶತಮಾನ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು: ಸೋಲು, ಹಡಗು, ಮತ್ತೊಂದು ದ್ವೀಪ. 1271ರಲ್ಲಿ ಕ್ರಾಕ್ ಕೋಟೆ ಸುಲ್ತಾನ್ ಬೈಬರ್ಸನ ಪಾಲಾಯಿತು, 1291ರಲ್ಲಿ ಆಕ್ರ ನಗರ ಹೋಯಿತು. ಸೈಪ್ರಸ್ಸಿನಲ್ಲಿ ಕೆಲಕಾಲ ಇದ್ದು ರೋಡ್ಸ್ ದ್ವೀಪ ಹಿಡಿದು ಇನ್ನೂರು ವರ್ಷ ಆಳಿದರು. 1522ರ ಕೊನೆಗೆ ತುರ್ಕಿಯ ಸುಲ್ತಾನ ಸುಲೇಮಾನ್ ಅವರನ್ನು ಅಲ್ಲಿಂದಲೂ ಎಬ್ಬಿಸಿದ. ಏಳು ವರ್ಷ ನೆಲೆಯಿಲ್ಲದೆ ಅಲೆದ ಮೇಲೆ 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಮಾಲ್ಟಾ ಕೊಟ್ಟ. ವರ್ಷಕ್ಕೊಂದು ಡೇಗೆ ಹಕ್ಕಿ ಅದರ ಕಪ್ಪ. ಮಾಲ್ಟೀಸ್ ಫಾಲ್ಕನ್ ಎಂಬ ಪತ್ತೇದಾರಿ ಕಾದಂಬರಿ ಆ ಹಕ್ಕಿಯನ್ನು ಚಿನ್ನ, ರತ್ನಗಳ ಬೊಂಬೆಯಾಗಿಸಿ ಪ್ರಸಿದ್ಧಗೊಳಿಸಿತು. ನಿಜವಾದದ್ದು ಬರೀ ರೆಕ್ಕೆಪುಕ್ಕದ ಜೀವಂತ ಹಕ್ಕಿ. 1565ರಲ್ಲಿ ಸುಲೇಮಾನನ ಸೇನೆ ಮಾಲ್ಟಾಕ್ಕೂ ಬಂತು. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮುತ್ತಿಗೆ ನಡೆಯಿತು. ಈ ಸಲ ದ್ವೀಪ ಉಳಿಯಿತು. ಮರುವರ್ಷ ಪಂಥದ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ಜ್ಯಾಂ ದ ವಾಲೆಟ್ ಬೋಳುಗುಡ್ಡದ ಮೇಲೆ ಹೊಸ ಪಟ್ಟಣಕ್ಕೆ ಅಡಿಗಲ್ಲು ಹಾಕಿದ. ಅವನ ಹೆಸರಿನ ವಾಲೆಟ್ಟಾ ಎದ್ದು ನಿಲ್ಲುವುದನ್ನು ನೋಡಲು ಅವನು ಉಳಿಯಲಿಲ್ಲ, 1568ರಲ್ಲಿ ತೀರಿಕೊಂಡ.

ಆ ಊರಿನ ನಡುವೆ ಇರುವ ಸೇಂಟ್ ಜಾನ್ ದೇವಾಲಯ ಪಂಥದ ಮನೆದೇವರ ಗುಡಿ. ಕೋಟೆಗಳನ್ನು ಕಟ್ಟಿ ಪಳಗಿದ ಜಿರೊಲಾಮೊ ಕಸ್ಸಾರ್ 1573ರಿಂದ 1577ರವರೆಗೆ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಅದೂ ಕೋಟೆಯ ಉಗ್ರಾಣದಂತೆಯೇ, ಸಪ್ಪೆ ಗೋಡೆ, ಎರಡು ಮೊಂಡು ಗೋಪುರ. ಒಳಗೆ ಕಾಲಿಟ್ಟರೆ ಕಣ್ಣು ಎಲ್ಲಿ ಊರಬೇಕೆಂದು ತಿಳಿಯದಷ್ಟು ಬಂಗಾರ. ಆ ಬಳ್ಳಿ, ಹೂವು, ಎಲೆಗಳು ಗಾರೆಯಲ್ಲಿ ಮಾಡಿ ಅಂಟಿಸಿದವಲ್ಲ. ದ್ವೀಪದ ಮೆತ್ತನೆಯ ಸುಣ್ಣಕಲ್ಲಿನ ಗೋಡೆಯನ್ನೇ ನಿಂತಲ್ಲಿ ಕೆತ್ತಿ, ಮೇಲೆ ಹೊಂಬಣ್ಣ ಏರಿಸಿದ್ದು. ಮೇಲ್ಛಾವಣಿಯನ್ನು 1661ರಿಂದ 1666ರವರೆಗೆ ಮತ್ತಿಯಾ ಪ್ರೆತಿ ಎಂಬ ಚಿತ್ರಕಾರ ತುಂಬಿದ. ಅವನೂ ಪಂಥದ ನೈಟೇ. ಸ್ನಾನಿಕ ಯೋಹಾನನ, ಎಂದರೆ ಪಂಥದ ಹೆಸರಿನ ಸೇಂಟ್ ಜಾನನ, ಬದುಕಿನ ಘಟನೆಗಳನ್ನು ಕಲ್ಲಿನ ಮೇಲೆ ನೇರವಾಗಿ ಎಣ್ಣೆಬಣ್ಣದಲ್ಲಿ ಬರೆದಿದ್ದಾನೆ. ಅಂಚಿನಲ್ಲಿ ಕೂತ ಕೆಲವು ಆಕೃತಿಗಳು ಕೆಳಗಿನಿಂದ ಮೂರ್ತಿಗಳಂತೆ ಕಾಣುತ್ತವೆ. ಅವುಗಳ ನೆರಳು ಕೂಡ ಕುಂಚದ್ದೇ.

ಆದರೆ ಈ ದೇವಾಲಯದ ಸೊಗಸನ್ನು ತಲೆ ಎತ್ತಿ ನೋಡುವುದಕ್ಕಿಂತ ತಗ್ಗಿಸಿ ನೋಡಬೇಕು. ಇಡೀ ನೆಲ ಗೋರಿ. ಸುಮಾರು 400 ನೈಟ್‌ಗಳು ಬಣ್ಣಬಣ್ಣದ ಅಮೃತಶಿಲೆಯ ಹಾಸುಗಲ್ಲುಗಳ ಅಡಿ ಮಲಗಿದ್ದಾರೆ. ಕಪ್ಪು, ಬಿಳಿ, ಅರಿಸಿನದ ಹಳದಿ, ಕಂದುಗೆಂಪು ಕಲ್ಲುಗಳನ್ನು ಕತ್ತರಿಸಿ, ಸಂದು ಕಾಣದಂತೆ ಕೂಡಿಸಿದ್ದಾರೆ. ಒಂದರಲ್ಲಿ ವಂಶದ ಲಾಂಛನ, ಇನ್ನೊಂದರಲ್ಲಿ ಕಹಳೆ ಊದುವ ದೇವದೂತ, ಪಕ್ಕದಲ್ಲೇ ಮರಳುಗಡಿಯಾರ, ಕುಡುಗೋಲು ಹಿಡಿದ ಅಸ್ಥಿಪಂಜರ. ಬಡತನದ ವ್ರತ ತೊಟ್ಟವರ ಗೋರಿಗಳಿವು ಎಂಬುದನ್ನು ಮರೆಯುವಂತಿಲ್ಲ. ಯಾವ ಮನೆತನ ದೊಡ್ಡದೆಂದು ಸತ್ತ ಮೇಲೂ ಮೇಲಾಟ ನಡೆದೇ ಇದೆ. ಆದರೂ ಆ ಅಸ್ಥಿಪಂಜರಗಳಲ್ಲಿ ಒಂದು ತುಂಟತನವಿದೆ. ಹಲ್ಲುಕಿರಿದು ಬಿದ್ದ ತಲೆಬುರುಡೆ ಮೇಲಿನ ಕಿರೀಟವನ್ನು ಗೇಲಿ ಮಾಡುವಂತೆ ತೋರುತ್ತದೆ. ಕೆಲವು ಬರಹಗಳು ತಮ್ಮನ್ನು ತುಳಿದು ನಿಂತವನನ್ನೇ ಮಾತಾಡಿಸುತ್ತವೆ. ಈಗ ಅಲ್ಲಿ ಮೊನಚು ಹಿಮ್ಮಡಿಯ ಚಪ್ಪಲಿಗೆ ಪ್ರವೇಶವಿಲ್ಲ. ಸತ್ತವರ ಗೌರವಕ್ಕೋ ಕಲ್ಲಿನ ಹೊಳಪಿಗೋ, ಅಂತೂ ಕಾಲು ಮೆಲ್ಲಗೆ ಇಡಬೇಕು.

ಪಂಥದವರು ತಮ್ಮನ್ನು ನುಡಿಯ ಲೆಕ್ಕದಲ್ಲಿ ವಿಂಗಡಿಸಿಕೊಂಡಿದ್ದರು: ಪ್ರೊವಾನ್ಸ್, ಓವರ್ನ್, ಫ್ರಾನ್ಸ್, ಇಟಲಿ, ಅರಗಾನ್, ಕಾಸ್ಟೀಲ್, ಜರ್ಮನಿ, ಇಂಗ್ಲೆಂಡ್ ಹೀಗೆ ಎಂಟು. ಅವರ ಎಂಟು ಮೂಲೆಯ ಬಿಳಿ ಶಿಲುಬೆಯ ಒಂದೊಂದು ಮೊನೆಗೂ ಒಂದೊಂದು ನುಡಿಯನ್ನು ಹೊಂದಿಸಿ ಹೇಳುವುದುಂಟು. ನಮ್ಮ ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದವರು ಈ ಶಿಲುಬೆಯನ್ನು ನೋಡಿಯೇ ಇರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದೇ ಹೆಸರು, ಅದೇ ಗುರುತು ಎತ್ತಿಕೊಂಡು ಹುಟ್ಟಿದ ಸೇಂಟ್ ಜಾನ್ ಆಂಬ್ಯುಲೆನ್ಸ್ ಅದನ್ನು ಇಲ್ಲಿಯವರೆಗೆ ತಂದಿತು. ಗಾಯಕ್ಕೆ ಪಟ್ಟಿ ಕಟ್ಟಲು ಕಲಿಯುವ ಹುಡುಗನಿಗೆ ಆ ಶಿಲುಬೆ ಒಂದು ಕಾಲಕ್ಕೆ ಕತ್ತಿ ಹಿಡಿದವರ ಗುರುತಾಗಿತ್ತೆಂದು ಹೇಳುವವರು ಕಡಮೆ.

ಮಾಲ್ಟಾದ ದೇವಾಲಯದಲ್ಲಿ ಈ ಒಂದೊಂದು ನುಡಿಗೂ ಬೇರೆ ಬೇರೆ ಗುಡಿ. ಅರಗಾನಿನ ಗುಡಿಯಲ್ಲಿ ಗ್ರ್ಯಾಂಡ್ ಮಾಸ್ಟರ್ ನಿಕೊಲಾಸ್ ಕೊತೊನರನ ಸ್ಮಾರಕವಿದೆ. ಮೇಲೆ ಅವನ ಎದೆಮೂರ್ತಿ, ಸುತ್ತ ಗೆದ್ದ ಆಯುಧಗಳ ರಾಶಿ. ಆ ಭಾರವನ್ನೆಲ್ಲ ಹೊತ್ತು ಕೆಳಗೆ ಕುಗ್ಗಿ ಕೂತವರು ಇಬ್ಬರು ಗುಲಾಮರು: ಒಬ್ಬ ಏಷ್ಯಾದವನು, ಇನ್ನೊಬ್ಬ ಆಫ್ರಿಕಾದವನು. ಶಿಲ್ಪಿಯ ಮನಸ್ಸು ಕೊತೊನರನ ಮುಖಕ್ಕಿಂತ ಈ ಇಬ್ಬರ ಮೈಯಲ್ಲಿ ನೆಟ್ಟಿದೆ ಎಂದು ನನ್ನ ಅನಿಸಿಕೆ. ಬಾಗಿದ ಬೆನ್ನು, ಬಿಗಿದ ಹೆಗಲು, ಉಸಿರು ಕಟ್ಟಿದ ಎದೆ ನೋಡಿದರೆ ಕಲ್ಲು ನಿಜಕ್ಕೂ ತೂಗುತ್ತಿದೆ ಅನ್ನಿಸಬೇಕು. ಇದು ಬರೀ ಅಲಂಕಾರವೂ ಅಲ್ಲ. ಪಂಥದ ಹಡಗುಗಳಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ಸಮುದ್ರದ ಮೇಲೆ ಸೆರೆಹಿಡಿದ ಮುಸ್ಲಿಮರು ಬಹಳ. ವಾಲೆಟ್ಟಾದಲ್ಲಿ ಗುಲಾಮರ ವ್ಯಾಪಾರ ಹಾಡಹಗಲೇ ನಡೆಯುತ್ತಿತ್ತು. ರೋಗಿಯ ಆಳಾಗುತ್ತೇವೆಂದು ವ್ರತ ತೊಟ್ಟವರು ಬೇರೆಯವರನ್ನು ಆಳಾಗಿ ಇಟ್ಟುಕೊಂಡಿದ್ದರು. ಆ ಕಲ್ಲಿನ ಚೆಲುವನ್ನು ಸವಿಯುವಾಗ ಈ ಕಹಿ ಬಾಯಿಗೆ ಬಾರದಿದ್ದರೆ ಸವಿದದ್ದು ಅರ್ಧವೇ.

ದೇವಾಲಯದ ಪಕ್ಕಕ್ಕೆ ಅಂಟಿದಂತೆ ಇರುವ ಪ್ರಾರ್ಥನಾಲಯಕ್ಕೆ ಈಗ ಹೋಗಬೇಕು. ಪಂಥಕ್ಕೆ ಹೊಸದಾಗಿ ಸೇರಿದ ತರುಣರು ದೀಕ್ಷೆಯ ಪಾಠ ಕಲಿಯುತ್ತಿದ್ದ ಜಾಗ. ಎದುರಿನ ಗೋಡೆ ತುಂಬ 1608ರಲ್ಲಿ ಕಾರವಾಜ್ಜೊ ಬರೆದ ಚಿತ್ರ, ಸ್ನಾನಿಕ ಯೋಹಾನನ ಶಿರಚ್ಛೇದ. ಅಗಲ ಐದು ಮೀಟರಿಗೂ ಹೆಚ್ಚು, ಎತ್ತರ ಮೂರೂವರೆ ಮೀಟರಿಗೂ ಹೆಚ್ಚು. ರೋಮಿನಲ್ಲಿ 1606ರಲ್ಲಿ ಒಬ್ಬನನ್ನು ಕೊಂದು ಓಡಿಬಂದವನು ಈ ಚಿತ್ರಕಾರ. ಕೊಲೆ ಮಾಡಿದವನಿಗೆ ಪಂಥದಲ್ಲಿ ಜಾಗವಿರಲಿಲ್ಲ. ಗ್ರ್ಯಾಂಡ್ ಮಾಸ್ಟರ್ ಆಲೋಫ್ ದ ವಿನ್ಯಾಕೂರ್ ಪೋಪರ ವಿಶೇಷ ಅನುಮತಿ ತರಿಸಿ 1608ರ ಜುಲೈನಲ್ಲಿ ಅವನಿಗೆ ನೈಟ್ ಪಟ್ಟ ಕಟ್ಟಿದ.

ಚಿತ್ರದಲ್ಲಿ ಎಷ್ಟು ಕಡಮೆ ಇದೆ ಎಂಬುದೇ ಮೊದಲ ಬೆರಗು. ಕಂದುಬಣ್ಣದ ಸೆರೆಮನೆಯ ಅಂಗಳ. ಘಟನೆಯೆಲ್ಲ ಎಡಗಡೆಯ ಕೆಳಮೂಲೆಯಲ್ಲಿ. ಬಲಗಡೆ ಬೋಳು ಗೋಡೆ, ತೂಗಾಡುವ ಹಗ್ಗ, ಕಂಬಿಯ ಹಿಂದೆ ಕತ್ತು ಚಾಚಿ ನೋಡುತ್ತಿರುವ ಇಬ್ಬರು ಕೈದಿಗಳು, ಅಷ್ಟೇ. ಸಂತ ನೆಲಕ್ಕೆ ಮುಖ ಮಾಡಿ ಬಿದ್ದಿದ್ದಾನೆ. ಕತ್ತಿಯ ಏಟಾಗಿದೆ, ಆದರೆ ತಲೆ ಪೂರ್ತಿ ಬೇರೆಯಾಗಿಲ್ಲ. ಕಟುಕ ಒಂದು ಕೈಯಲ್ಲಿ ಕೂದಲು ಹಿಡಿದು, ಇನ್ನೊಂದನ್ನು ಬೆನ್ನ ಹಿಂದೆ ಒಯ್ದು ಸೊಂಟದ ಚೂರಿ ಹುಡುಕುತ್ತಿದ್ದಾನೆ. ಬೀಗದ ಕೈಗೊಂಚಲಿನ ಜೈಲರು ತಲೆ ಎಲ್ಲಿ ಹಾಕಬೇಕೆಂದು ತಟ್ಟೆಯತ್ತ ಬೆರಳು ತೋರುತ್ತಾನೆ. ಹುಡುಗಿ ತಟ್ಟೆ ಹಿಡಿದು ಬಗ್ಗಿದ್ದಾಳೆ. ಮುದುಕಿಯೊಬ್ಬಳು ಮಾತ್ರ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಾಳೆ. ಆಕಾಶದಿಂದ ಬೆಳಕಿಲ್ಲ, ಹೂಮಳೆಯಿಲ್ಲ. ಯಾರಿಗೂ ಆತುರವಿಲ್ಲ, ಆವೇಶವೂ ಇಲ್ಲ. ಕೆಲಸ ಮುಗಿಸಬೇಕು, ಅಷ್ಟೇ. ಮುಂದೆ ಕತ್ತಿ ಹಿಡಿಯಲಿರುವ ತರುಣರ ಎದುರಿಗೆ, ಕೊಲ್ಲುವುದು ಹೀಗೆ ಇರುತ್ತದೆ ಎಂದು ಇದನ್ನು ತೂಗುಹಾಕಿದವರು ಎಷ್ಟು ತಿಳಿದು ಮಾಡಿದರೋ.

ಸಂತನ ಕತ್ತಿನಿಂದ ಹರಿದ ರಕ್ತದಲ್ಲಿ ಚಿತ್ರಕಾರನ ಸಹಿ ಇದೆ. ಅವನು ಸಹಿ ಹಾಕಿದ ಒಂದೇ ಚಿತ್ರವಿದು. ಮಿಕೆಲಾಂಜೆಲೊ ಎಂಬ ತನ್ನ ಹುಟ್ಟುಹೆಸರಿಗೆ ಮುಂಚೆ ಸಹೋದರ ಎಂಬುದರ ಮೊದಲಕ್ಷರ ಬರೆದಿದ್ದಾನೆ. ಹೊಸದಾಗಿ ಸಿಕ್ಕ ಪದವಿಯ ಹೆಮ್ಮೆಯನ್ನು ಬೇರೆಲ್ಲೂ ಅಲ್ಲ, ಅಲ್ಲಿ ಬರೆದ. ಹೆಮ್ಮೆ ಕೆಲವೇ ತಿಂಗಳು ಬಾಳಿತು. ಆಗಸ್ಟಿನಲ್ಲಿ ನಡೆದ ಹೊಡೆದಾಟದಲ್ಲಿ ಒಬ್ಬ ನೈಟ್ ಗಾಯಗೊಂಡ. ಕಾರವಾಜ್ಜೊ ಸೆಂಟ್ ಆಂಜೆಲೊ ಕೋಟೆಯ ಸೆರೆ ಸೇರಿ, ಅಕ್ಟೋಬರಿನಲ್ಲಿ ಅಲ್ಲಿಂದ ಪರಾರಿಯಾದ. ಡಿಸೆಂಬರ್ 1ರಂದು ಪಂಥದವರು ಇದೇ ಪ್ರಾರ್ಥನಾಲಯದಲ್ಲಿ ಸಭೆ ಸೇರಿ, ಕೊಳೆತ ಅಂಗವನ್ನು ಕತ್ತರಿಸಿ ಎಸೆಯುವಂತೆ ಅವನನ್ನು ಹೊರಗೆ ಹಾಕಿದರು. ತಪ್ಪಿತಸ್ಥ ಅಲ್ಲಿರಲಿಲ್ಲ. ಗೋಡೆಯ ಮೇಲೆ ರಕ್ತದಲ್ಲಿ ಸಹೋದರ ಎಂದು ಬರೆದ ಅಕ್ಷರ ಮಾತ್ರ ಇತ್ತು. ಅದನ್ನು ಯಾರೂ ಅಳಿಸಲಿಲ್ಲ.

ಊರಿನ ಇನ್ನೊಂದು ತುದಿಗೆ, ಸಮುದ್ರದ ಕಡೆಗೆ, ಪಂಥದ ಆಸ್ಪತ್ರೆ. 1574ರಲ್ಲಿ ಕಟ್ಟಲು ತೊಡಗಿದ್ದು. ದೊಡ್ಡ ವಾರ್ಡಿನ ಉದ್ದ 155 ಮೀಟರ್. ಗೋಡೆಗುಂಟ ಮಂಚಗಳು, ಅವುಗಳ ಪಕ್ಕದಲ್ಲೇ ಗೋಡೆಯೊಳಗೆ ಪುಟ್ಟ ಪಾಯಖಾನೆಗಳು. ಜೆರುಸಲೇಮಿನ ಮೆಟ್ಟು, ನಿಲುವಂಗಿಗಳ ಅಗತ್ಯವೇ ಇಲ್ಲದಂತೆ ನಾಲ್ಕು ನೂರು ವರ್ಷದ ನಂತರ ನಡೆಯುವ ದೂರವನ್ನೇ ಕಡಮೆ ಮಾಡಿದ್ದರು. ಒಂದೊಂದು ದಿನ ಒಂದೊಂದು ನುಡಿಯವರ ಪಾಳಿ. ದೊಡ್ಡಮನೆತನದ ಹುಡುಗರು ತಾವೇ ನಿಂತು ಬಡಿಸಬೇಕು: ಕೋಳಿ ಸಾರು, ಶ್ಯಾವಿಗೆ, ಅನ್ನ, ಕೊಚ್ಚಿದ ಮಾಂಸ. ಬಡಿಸುವುದು ಬೆಳ್ಳಿ ಬಟ್ಟಲು, ಬೆಳ್ಳಿ ತಟ್ಟೆಯಲ್ಲಿ. ಬೆಳ್ಳಿ ತೊಳೆದರೆ ಚೊಕ್ಕಟವಾಗುತ್ತದೆ ಎಂಬುದು ಒಂದು ಕಾರಣ. ಒಡೆಯನಿಗೆ ಒಡೆಯನ ಪಾತ್ರೆ ಎಂಬುದು ಇನ್ನೊಂದು. ಹಡಗಿನಲ್ಲಿ ಹುಟ್ಟು ಹಾಕಿ ಅಂಗೈ ಬಿರಿದ ಬಡವ, ಜೀವಮಾನದಲ್ಲಿ ಬೆಳ್ಳಿ ಮುಟ್ಟದವನು, ಜ್ವರ ಬಂದ ನಾಲ್ಕು ದಿನ ಆ ಬಟ್ಟಲಿಗೆ ತುಟಿ ಹಚ್ಚಿದ್ದನ್ನು ನೆನೆಯಬೇಕು. ಬೆಳ್ಳಿ ಬೇಗ ಕಾಯುತ್ತದೆ; ಸಾರಿನ ಬಿಸಿ ಮೊದಲು ತುಟಿಗೆ, ಆಮೇಲೆ ನಾಲಗೆಗೆ.

ಕೊನೆಕೊನೆಗೆ ಬೆಳ್ಳಿ ಉಳಿಯಿತು, ಅದನ್ನು ಹಿಡಿದ ಕೈ ಕೊಳೆಯಾಯಿತು. 1786ರಲ್ಲಿ ಇಂಗ್ಲೆಂಡಿನ ಸುಧಾರಕ ಜಾನ್ ಹೋವರ್ಡ್ ಬಂದು ನೋಡಿ, ವಾರ್ಡುಗಳಲ್ಲಿ ನಾತ ಮುಚ್ಚಲು ಸುಗಂಧ ಹಾಕುತ್ತಾರೆ, ಸೇವಕರು ಕೊಳಕರು, ಕರುಣೆಯಿಲ್ಲದವರು ಎಂದು ಬರೆದ. ಗ್ರ್ಯಾಂಡ್ ಮಾಸ್ಟರನ ಲಾಯದ ಕುದುರೆ, ಹೇಸರಗತ್ತೆಗಳಿಗೆ ಇದಕ್ಕಿಂತ ಚೆನ್ನಾದ ಆರೈಕೆಯಿತ್ತಂತೆ.

1798ರ ಜೂನಿನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಮಾಲ್ಟಾಕ್ಕೆ ಇಳಿದ. ಹೋರಾಟ ಹೆಚ್ಚು ನಡೆಯಲಿಲ್ಲ. ಗ್ರ್ಯಾಂಡ್ ಮಾಸ್ಟರ್ ಹೊಂಪೆಶ್ ದ್ವೀಪ ಒಪ್ಪಿಸಿ ಹೊರಟ. ಒಂದು ವಾರದೊಳಗೆ ಫ್ರೆಂಚರು ಗುಡಿಗಳ, ಅರಮನೆಗಳ, ಆಸ್ಪತ್ರೆಯ ಬೆಳ್ಳಿಯನ್ನೆಲ್ಲ ಲೆಕ್ಕ ಹಾಕಿ ಎತ್ತಿಕೊಂಡರು. ಬಟ್ಟಲುಗಳು ಕರಗಿ ಗಟ್ಟಿಯಾದವು. ಗಟ್ಟಿಗಳು ದಂಡಿನ ಖರ್ಚಿಗೆ ಹೋದವು. ನೈಲ್ ನದಿಯ ದಂಡೆಯಲ್ಲಿ ಆ ವರ್ಷ ಸಂಬಳ ಎಣಿಸಿಕೊಂಡ ಯಾವನೋ ಸಿಪಾಯಿಯ ಅಂಗೈಯಲ್ಲಿದ್ದ ನಾಣ್ಯ, ಹಿಂದಿನ ಚಳಿಗಾಲದಲ್ಲಿ ಯಾರ ತುಟಿಗೆ ಬೆಚ್ಚಗೆ ತಾಗಿತ್ತೋ.